ಹನ್ನೊಂದು ನಿಮಿಷ

ಸ್ಕ್ಯಾನ್ ಮಾಡಿದ ಮೂರು ಲಕ್ಷ ಜನನ ದಾಖಲೆಗಳ ಫೈಲುಗಳಿಗೆ ಹೊಸ ಹೆಸರು ಕೊಡುವ ಕೆಲಸ ಕಚೇರಿಯ ಆರು ಹೆಂಗಸರದ್ದು. ಹಳೆಯ ಹೆಸರಿನಲ್ಲಿದ್ದ ಊರು, ವರ್ಷಗಳನ್ನೇ ಹಿಂದುಮುಂದು ಮಾಡಿ ಟೈಪ್ ಮಾಡಬೇಕು, ಅಷ್ಟೇ.

"ಇದು ಮನುಷ್ಯರು ಮಾಡೋ ಕೆಲಸವಾ?" ಎಂದು ವಾರಿಜಾ ದಿನವೂ ರೇಗುತ್ತಿದ್ದಳು. ಕೊನೆಗೆ ಕಂಪ್ಯೂಟರೇ ಅದನ್ನು ಮಾಡುವಂತೆ ಒಂದು ಸ್ಕ್ರಿಪ್ಟ್ ಬರೆಯಲು ಕೂತಳು. ಫೈಲಿನ ಹೆಸರಿನ ನಡುವೆ ಖಾಲಿ ಜಾಗ ಸಿಕ್ಕಲ್ಲೆಲ್ಲ ಅದು ಮುಗ್ಗರಿಸಿತು. ನಾಲ್ಕು ದಿನ ಊಟ ಬಿಟ್ಟು, ತನ್ನನ್ನೇ ಬೈದುಕೊಳ್ಳುತ್ತ ತಿದ್ದಿದಳು. ಐದನೆಯ ದಿನ ನಕಲು ಪ್ರತಿಗಳ ಮೇಲೆ ಓಡಿಸಿ ನೋಡಿದಳು. ಒಂದೂ ತಪ್ಪಿರಲಿಲ್ಲ.

"ಜುಲೇಖಕ್ಕಾ, ಮೂರು ಲಕ್ಷವೂ ಹನ್ನೊಂದೇ ನಿಮಿಷಕ್ಕೆ ಮುಗೀತು. ಸಾಹೇಬ್ರಿಗೆ ಹೇಳಿ ಬರ್ತೀನಿ."

ಪಕ್ಕದ ಕುರ್ಚಿಯ ಜುಲೇಖಾ ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಸ್ವಲ್ಪ ಕೂತ್ಕೋ. ನಮ್ಮ ಗುತ್ತಿಗೆ ಕಾಗದ ಓದಿದೀಯಾ?"

"ಮಾರ್ಚ್‌ವರೆಗೆ ಅಲ್ವಾ?"

"ಫೈಲ್ ಮುಗಿಯೋವರೆಗೆ."

ಉಳಿದ ನಾಲ್ವರು ತಲೆಯೆತ್ತಲಿಲ್ಲ. ಆದರೆ ಯಾರ ಕೀಲಿಮಣೆಯೂ ಸದ್ದು ಮಾಡುತ್ತಿರಲಿಲ್ಲ.

ವಾರಿಜಾ ಕೂತಳು. ಒಂದೊಂದು ಫೈಲಿನ ನಂತರವೂ ಅರ್ಧ ನಿಮಿಷ ಸುಮ್ಮನಿರು ಎಂದು ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಿಸಿದಳು.