ಆರನೆಯ ಎಲೆ

"ಮಂದಿ ಐದು. ಮೂರನೇ ದಿನಾ ಮಧ್ಯಾಹ್ನ ಎಲಿ ಮಾತ್ರ ಆರು," ಎಂದ ಸಂಜೀವ, ಅಕ್ಕನ ಮುಖ ನೋಡದೆ.

ಗೌತಮಿಯ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಬೈಲಹೊಂಗಲದ ಬಸ್ ನಿಲ್ದಾಣದ ಎದುರಿನ ಈ ಟ್ರಾವೆಲ್ಸ್ ಅವಳದು ಮತ್ತು ಗಂಡ ಗೌತಮನದು. ತವರು ಸವದತ್ತಿ, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ಒಂದು ತಾಸನ್ನು ದಾಟಿ ಬರಲು ತಮ್ಮನಿಗೆ ಏಳು ವರ್ಷ ಬೇಕಾಗಿತ್ತು.

"ಕುಮಟಾ ಕಡೆ ಹೊಸಾ ರೆಸಾರ್ಟ್ ಆಗೇದ ಅಲಾ, ಅಲ್ಲೇ ಬೇಕು. ಸಮುದ್ರದ ಕಡೆ ಮುಖಾ ಇರೋ ಮೂರು ರೂಮು. ಸಂಜಿ ಮುಂದ ಬೋಟು. ಕಾಕೂಗ ಮಸಾಜು. ಒಂದು ಕೆಲಸ ಅದ, ಅದನ್ನ ಮುಗಿಸಿ ಆರಾಮ ಇರೂದು. ಹೆಂಗಿದ್ರೂ ಹೋಗತೇವಿ, ಛಲೋ ಕಡೆನ ಇರೂಣು ಅಂದ್ರು ಅಪ್ಪಾ."

"ನೀ ಇಲ್ಲಿ ಬಂದದ್ದು ಅಪ್ಪಾಗ ಗೊತ್ತದ?"

"ಇಲ್ಲ. ಅವ್ವ ಕಳಿಸ್ಯಾಳ. ನಿನ್ನ ಕಡೆ ಮಾಡಿಸಿದ್ರ ಊಟಾ ಬರೋಬ್ಬರಿ ಆಗತದ ಅಂದ್ಲು."

ಅವನು ಒಂದು ಚೀಟಿ ಚಾಚಿದ. ತಾಯಿ ರಾಧಾಬಾಯಿಯ ದುಂಡು ಅಕ್ಷರ. ಶೇಂಗಾ ಹೋಳಿಗೆ, ಮಡಿಕೆಕಾಳಿನ ಉಸಳಿ, ಎಣ್ಣೆಗಾಯಿ, ಉದ್ದಿನ ವಡೆ, ಬೆಲ್ಲದ ಸಾರು. ಇವುಗಳಲ್ಲಿ ಒಂದನ್ನೂ ಅಪ್ಪ ಮುಟ್ಟುವುದಿಲ್ಲ. ಶೇಂಗಾ ತಿಂದರೆ ಕಾಕಾನಿಗೆ ಪಿತ್ತ. ಎಲ್ಲವೂ ಗೌತಮಿ ಚಿಕ್ಕಂದಿನಲ್ಲಿ ಹಟ ಮಾಡಿ ಮಾಡಿಸಿಕೊಂಡು ತಿಂದವು. ಕೊನೆಗೆ ತಾಯಿ ಬರೆದಿದ್ದಳು: ಏನಾದರೂ ಬಿಟ್ಟಿದ್ದರೆ ನೀನೇ ಸೇರಿಸು.

ಗೌತಮಿ ಗಿರಾಕಿಯಾಗಿ ಬಂದ ತಮ್ಮನ ಎದುರಿಗೇ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, ಪಟ್ಟಿಯ ಕೆಳಗೆ ಸಜ್ಜಕದ ಹೋಳಿಗೆ ಎಂದು ಸೇರಿಸಿದಳು.

ತಾರೀಖು ಹಾಕುವಾಗ ಗೋಡೆಯ ಕ್ಯಾಲೆಂಡರ್ ನೋಡಿದಳು. ಮೂರನೆಯ ದಿನ ರಥಸಪ್ತಮಿ. ಏಳು ವರ್ಷಗಳ ಹಿಂದೆ ಅದೇ ರಥಸಪ್ತಮಿಯಂದು, ಮನೆಮಂದಿ ಎಕ್ಕದ ಎಲೆ ತಲೆಯ ಮೇಲಿಟ್ಟುಕೊಂಡು ಸ್ನಾನ ಮಾಡುತ್ತಿರುವಾಗ, ಅವಳು ಬಸ್ಸು ಹತ್ತಿದ್ದಳು. ಮಧ್ಯಾಹ್ನ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡಿ ಗೌತಮನಿಗೆ ಹಾರ ಹಾಕಿದ್ದಳು. ಆ ಫೋಟೋ ಅಂಗಡಿಯ ಗೋಡೆಯ ಮೇಲೇ ಇತ್ತು. ಸಂಜೀವ ಅದನ್ನು ನೋಡಿ ತಲೆ ತಗ್ಗಿಸಿದ.

"ಅವತ್ತೇ ಯಾಕ?"

"ಅಪ್ಪಾ ಅದೇ ದಿನಾ ಆಗಬೇಕಂದ್ರು." ಬಾಗಿಲವರೆಗೆ ಹೋಗಿ ನಿಂತ. "ಆ ಆರನೇ ಎಲಿ ಪೆಂಡಾಲಿನಾಗ ಬ್ಯಾಡ. ಹೊರಗ, ಉಸುಕಿನ ಮ್ಯಾಲೆ ಹಾಕಸು. ನಮಗಿಂತ ಮೊದಲು ಅದಕ್ಕ ಬಡಸಬೇಕು."

ಸಂಜೆ ಗೌತಮ ಪಟ್ಟಿ ಓದಿದ. ನೇಸರಗಿಯ ಕಡೆಯವನು, ಬುದ್ಧವಂದನೆ ಹೇಳುವ ಮನೆಯವನು. ಸಿಟ್ಟು ಬಂದರೆ ದನಿ ಸಣ್ಣದಾಗುತ್ತಿತ್ತು.

"ಹೊರಗ? ಉಸುಕಿನ ಮ್ಯಾಲೆ? ಊರ ಲಗ್ನದಾಗ ನಮ್ಮ ಮುತ್ಯಾಗ ಹಿಂಗ ಹೊರಗ ಕುಂದ್ರಿಸಿ ನೀಡತಿದ್ರಂತ. ಈಗ ನಿನ್ನ ಪಾಳಿ ಬಂತು ನೋಡು. ನನಗಂತೂ ಏಳನೇ ಎಲಿನ ಇಲ್ಲ."

"ಹೊರಗಾದ್ರೂ ಎಲಿ ಅದ ಅಲಾ. ಮೊದಲು ಬಡಸ್ರಿ ಅಂದಾರ. ಇವತ್ತು ಹೊರಗ ಕೂತ್ರ ನಾಳೆ ಒಳಗ ಕರೀತಾರ. ಆಮ್ಯಾಲೆ ನಿನ್ನನ್ನೂ."

ಅವಳೇನು ದಡ್ಡಿಯಲ್ಲ. ತಂದೆ ಪಾಂಡುರಂಗರಾಯರು ಪೌರೋಹಿತ್ಯದ ಮನೆತನದವರು. ಯಾವ ಎಲೆಯನ್ನು ಎಲ್ಲಿ, ಯಾಕೆ ಹಾಕುತ್ತಾರೆ ಎಂಬುದು ಅವಳಿಗೆ ಮಗ್ಗಿಯಂತೆ ಬಾಯಿಗೆ ಬರುತ್ತಿತ್ತು. ಆದರೆ ತವರಿನ ಆಸೆ ಎಂಥವರ ಕಣ್ಣಿಗೂ ಬಟ್ಟೆ ಕಟ್ಟುತ್ತದೆ. ಅವಮಾನವನ್ನೂ ಆಮಂತ್ರಣವೆಂದು ಓದಿಸುತ್ತದೆ.

ಗೌತಮ ಪಟ್ಟಿ ಮಡಚಿ ಅವಳ ಕೈಗೆ ಕೊಟ್ಟ. "ಹೋಗಿ ಬಾ," ಎಂದ ಕಡೆಗೆ. "ನಿಮ್ಮವ್ವನ್ನ ನೋಡಿದಂಗ ಆಗತೈತಿ. ಬಸ್ ಹತ್ತಿಸಾಕ ನಾ ಬರತೇನಿ."

ಮುಂದಿನ ಮೂರು ವಾರ ಅವಳು ಯಾವ ಗಿರಾಕಿಗೂ ಮಾಡದಷ್ಟು ಕಾಳಜಿ ಮಾಡಿದಳು. ಅಪ್ಪನ ಮೊಣಕಾಲು ನೋವೆಂದು ಮೆಟ್ಟಿಲಿಲ್ಲದ ಕೋಣೆ ಕೇಳಿದಳು. ಅವ್ವ ಮಲಗಿದಲ್ಲಿಂದಲೇ ಕಡಲು ಕಾಣಬೇಕೆಂದು ಹಾಸಿಗೆ ತಿರುಗಿಸಿ ಹಾಕಿಸಿದಳು. ಹೋಳಿಗೆಗೆ ಶೇಂಗಾ ಹುರಿಯುವ ಹದವನ್ನು ಅಡುಗೆಯವನಿಗೆ ಫೋನಿನಲ್ಲಿ ಎರಡು ಸಲ ಹೇಳಿದಳು. ತನಗೊಂದು ಹಸಿರು ಇಳಕಲ್ ಸೀರೆ ಕೊಂಡಳು. ಉಸುಕಿನ ಮೇಲೆ ಕುಳಿತರೂ ಕೊಳೆ ಕಾಣದ ಬಣ್ಣ.

ಹೊರಡುವ ಹಿಂದಿನ ದಿನ ರೆಸಾರ್ಟಿನ ಮ್ಯಾನೇಜರ್ ಫೋನ್ ಮಾಡಿದ. "ಮೇಡಂ, ಎಲ್ಲ ತಯಾರಿದೆ. ರಾಯರು ಗೋಕರ್ಣದ ಭಟ್ಟರಿಗೆ ಕೊಡಲು ಒಂದು ಚೀಟಿ ಕಳಿಸಿದ್ದಾರೆ. ಒಂದು ಹೆಸರು ನಿಮ್ಮದೇ ಥರ ಇದೆ, ಏನಾದ್ರೂ ತಪ್ಪಾಗಿದೆಯಾ ನೋಡಿಬಿಡಿ."

ಅವನು ಕಳಿಸಿದ ಚೀಟಿಯ ಫೋಟೋ ತೆರೆದಳು. ಅಪ್ಪನದೇ ಅಕ್ಷರ. ಏಳು ವರ್ಷಗಳಿಂದ ಬಾಯಿಂದ ಹೊರಡದ ಹೆಸರನ್ನು ಅವರ ಕೈ ಬರೆದಿತ್ತು: ಗೌತಮಿ. ಅವಳು ನಕ್ಕಳು. ಗಂಡನನ್ನು ಕೂಗಿ ಕರೆದಳು. ಹೆಸರಿನ ಮುಂದೆ ಗೋತ್ರವೂ ಇತ್ತು, ತವರಿನದೇ. ನನ್ನನ್ನು ಇನ್ನೂ ತಮ್ಮವಳೆಂದೇ ಬರೆದಿದ್ದಾರೆ ಎಂದುಕೊಂಡು ಕೆಳಗಿನ ಸಾಲಿಗೆ ಬಂದಳು.

"ಮೃತಳಾದ ದಿನ: ಏಳು ವರ್ಷಗಳ ಹಿಂದಿನ ರಥಸಪ್ತಮಿ. ಕಾಗೆಗೆ ಎಲೆ: ಒಂದು."