ನಿಲ್ಲುವ ವಿದ್ಯೆ

ತಮ್ಮ ತೀರಿಕೊಂಡ ಸುದ್ದಿ ಬಂದಾಗ ದರ್ಜಿಯ ಗಂಟಲ ಮೇಲೆ ಕ್ಷೌರದ ಕತ್ತಿ ಇತ್ತು. ಹಿಡಿದಿದ್ದವಳು ಮಗಳು.

ದರ್ಜಿಗೆ ವಯಸ್ಸಾಗಿತ್ತು. ಒಂದು ಕಾಲಕ್ಕೆ ಊರ ಹರಟೆಯೆಲ್ಲ ಹೊಡೆಯುತ್ತ, ಬಟ್ಟೆಯತ್ತ ನೋಡದೆಯೇ ಕಾಜಾ ಹೊಲಿಯುತ್ತಿದ್ದ ಕೈಗಳು ಈಗ ನೀರಿನ ಲೋಟವನ್ನೂ ನೆಟ್ಟಗೆ ಹಿಡಿಯಲಾರವು. ಹಾಗಾಗಿ ಮುಖಕ್ಷೌರ ಮಗಳ ಪಾಲಿಗೆ ಬಂದಿತ್ತು. ಅದೂ ಹಳೆಯ ಮಡಚುಕತ್ತಿಯಲ್ಲೇ ಆಗಬೇಕೆಂಬುದು ಅವರ ಹಟ. ಅವತ್ತಂತೂ ಎದ್ದವರೇ ಕುರ್ಚಿಯನ್ನು ಕಿಟಕಿಯ ಪಕ್ಕದ ಕನ್ನಡಿಗೆ ಎದುರಾಗಿ ಎಳೆದುಕೊಂಡು ಕೂತಿದ್ದರು. ಆಸ್ಪತ್ರೆಯಲ್ಲಿದ್ದ ತಮ್ಮನನ್ನು ನೋಡಲು ಹೋಗಬೇಕಿತ್ತು.

"ನುಣ್ಣಗೆ ಮಾಡೇ. ಹೋದ ಸಲ ನರ್ಸಮ್ಮನ ಮುಂದೆ ಏನಂದ ಗೊತ್ತಾ? 'ನೋಡಿ, ನಮ್ಮಣ್ಣ ಬಂದ, ಮುಳ್ಳುಹಂದಿ ಬಂದ ಹಾಗೆ' ಅಂದ."

"ಚಿಕ್ಕಪ್ಪ ಸುಳ್ಳು ಹೇಳಲ್ಲ ಬಿಡಿ. ಈಗ ಬಾಯಿ ಮುಚ್ಚಿ, ನೊರೆ ಒಳಗೆ ಹೋಗುತ್ತೆ."

ತಮ್ಮ ಕರಾಟೆ ಗುರು. ಗೋದಾಮಿನಂಥ ಒಂದು ಕೋಣೆ ಹಿಡಿದು ಕೇರಿಯ ಮಕ್ಕಳಿಗೆಲ್ಲ ಕಲಿಸುತ್ತಿದ್ದ. ಮಗಳು ಬೆಳೆದದ್ದೇ ಅಲ್ಲಿ. ದರ್ಜಿಗೆ ಮಾತ್ರ ಅದು ಹಿಡಿಸಿರಲಿಲ್ಲ. ಒಂದು ದಿನವೂ ಆ ಹೊಸ್ತಿಲು ತುಳಿದವರಲ್ಲ. "ಹೆಣ್ಣುಮಗೂಗೆ ಒದೆಯೋದು ಕಲಿಸಿ ಏನು ಉದ್ಧಾರ ಮಾಡ್ತೀಯೋ?" ಎಂದು ಕೇಳಿದರೆ ತಮ್ಮ ನಗುತ್ತಿದ್ದ. "ಒದೆಯೋದು ಕತ್ತೆಗೂ ಬರುತ್ತಣ್ಣ. ನಾನು ನಿಲ್ಲೋದು ಕಲಿಸ್ತಾ ಇದೀನಿ." ಅದಕ್ಕೂ ದರ್ಜಿಯ ಬಳಿ ಉತ್ತರವಿತ್ತು. "ನಿಲ್ಲೋಕೆ ಗುರು ಬೇಕೇನೋ? ನಮ್ಮಂಗಡಿ ಬೊಂಬೆ ದಿನವಿಡೀ ನಿಂತೇ ಇರುತ್ತೆ."

ಕಿಟಕಿಯ ಕಟ್ಟೆಯ ಮೇಲಿದ್ದ ಫೋನ್ ಬಡಿದುಕೊಂಡಿತು. ಮಗಳ ಬೆರಳೆಲ್ಲ ನೊರೆ. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿ, ಮತ್ತೆ ಕತ್ತಿಯನ್ನು ಅಪ್ಪನ ಗದ್ದದ ಕೆಳಗಿಟ್ಟಳು. ಚಿಕ್ಕಮ್ಮನ ದನಿ. ಭಾವ ಅಲ್ಲೇ ಕೂತು ಕೇಳುತ್ತಿದ್ದಾರೆಂದು ಆಕೆಗೇನು ಗೊತ್ತು?

"ಭಾವನವರು ಹೊರಟ್ರಾ? ನಿಧಾನಕ್ಕೆ ಹೇಳಮ್ಮ ಅವರಿಗೆ... ಹೋಗಿಬಿಟ್ರು ಕಣೇ. ಈಗ ತಾನೇ."

ದರ್ಜಿಯ ಎದೆಯ ಆಳದಿಂದ ಏನೋ ಕಿತ್ತುಕೊಂಡು ಮೇಲೆದ್ದಿತು. ಅಳುವೋ ಕೂಗೋ ಅವರಿಗೇ ತಿಳಿಯದು. ಅದು ಗಂಟಲಿಗೆ ಬಂದು, ತಲೆ ಚಿಮ್ಮಿ ಮುಂದಕ್ಕೆ ಬಾಗಿದಾಗ ಅಲ್ಲಿ ಕತ್ತಿ ಇರಲಿಲ್ಲ. ಅವರ ಮೈ ಅಲುಗುವ ಮೊದಲೇ, ಅಲುಗುತ್ತದೆಂದು ಅವರಿಗೇ ಗೊತ್ತಾಗುವ ಮೊದಲೇ, ಅದು ಪಕ್ಕಕ್ಕೆ ಸರಿದಿತ್ತು. ಮಗಳ ಎಡಗೈ ಅವರ ಹಣೆಯನ್ನು ಹಿಡಿದಿತ್ತು. ಕಾಲುಗಳು ನೆಲದಿಂದಲೇ ಹುಟ್ಟಿ ಬಂದಂತೆ ನಿಂತಿದ್ದವು. "ಬರ್ತೀವಿ ಚಿಕ್ಕಮ್ಮ" ಎಂದಷ್ಟೇ ಹೇಳಿದಳು.

ದರ್ಜಿ ಅತ್ತರು. ಅಳು ಇಳಿಯುವವರೆಗೂ ಅವಳು ಹಾಗೆಯೇ ನಿಂತಿದ್ದಳು. ಕಣ್ಣೊರೆಸಿಕೊಂಡು ಕನ್ನಡಿ ನೋಡಿದರೆ ಗಂಟಲ ಮೇಲೆ ಒಂದು ಗೀರೂ ಇಲ್ಲ. ಆ ಸುದ್ದಿ ತಾವು ಕೇಳಿದ ಗಳಿಗೆಯಲ್ಲೇ ಅವಳ ಕಿವಿಗೂ ಬಿದ್ದಿತ್ತಲ್ಲವೇ! ಆ ಕೈ ಒಂದು ಕೂದಲೆಳೆಯಷ್ಟು ನಡುಗಿದ್ದರೂ ಒಂದೇ ಮನೆಯಿಂದ ಇಬ್ಬರು ಹೋಗುತ್ತಿದ್ದರು.

"ನಾನು ಅಲ್ಲಾಡ್ತೀನಿ ಅಂತ ಹೇಗೆ ಗೊತ್ತಾಯಿತೇ ನಿನಗೆ?"

"ಭುಜ ಮೊದಲೇ ಹೇಳಿಬಿಡುತ್ತೆ ಅಪ್ಪಾ. ಚಿಕ್ಕಪ್ಪ ಹೇಳಿಕೊಟ್ಟಿದ್ದು." ಮಗಳು ಮತ್ತೆ ನೊರೆ ಹಚ್ಚಿದಳು. "ಇನ್ನೂ ಅರ್ಧ ಮುಖ ಇದೆ. ತಲೆ ಹಿಂದಕ್ಕಿಡಿ."

"ಸಾಕು ಬಿಡೇ. ಇನ್ನು ಯಾರಿಗೆ ತೋರಿಸಬೇಕು?"

"ಮುಳ್ಳುಹಂದಿ ಹಾಗೇ ಹೋಗ್ತೀರಾ ಅವರ ಹತ್ರ?"

ದರ್ಜಿ ತಲೆ ಹಿಂದಕ್ಕೊರಗಿಸಿ ಗಂಟಲನ್ನು ಒಡ್ಡಿದರು. ಕತ್ತಿ ಸದ್ದಿಲ್ಲದೆ ಇಳಿಯಿತು. ಒಂದು ದಿನವೂ ಹೊಸ್ತಿಲು ತುಳಿಯದ ತಮ್ಮನ ಕೋಣೆಯೊಳಗೆ ತಾವು ಕೊನೆಗೂ ಬಂದು ಕೂತಿದ್ದೇವೆ ಎನ್ನಿಸಿತು ಅವರಿಗೆ. ಅವಳ ಕೈಯನ್ನೇ ನೋಡುತ್ತಿದ್ದರು.

ಎಲ್ಲ ಮುಗಿಸಿ ಮಗಳು ಕತ್ತಿಯನ್ನು ಒರೆಸಿದಳು, ಮಡಚಿ ಡಬ್ಬಿಯಲ್ಲಿಟ್ಟಳು. ಹಿಂದೆ ಸರಿದು, ಪಾದ ಜೋಡಿಸಿ, ಕರಾಟೆ ಪಾಠ ಮುಗಿದಾಗ ಮಾಡುವಂತೆ ಸೊಂಟದಿಂದ ಬಾಗಿ ವಂದಿಸಿದಳು. ಯಾರಿಗೆಂದು ದರ್ಜಿ ಕೇಳಲಿಲ್ಲ. ಆಮೇಲೆ, ಆಮೇಲೆ ಮಾತ್ರ, ಅವಳ ಕೈಗಳು ನಡುಗತೊಡಗಿದವು. ದರ್ಜಿ ಆ ಕೈಗಳನ್ನು ತಮ್ಮ ನಡುಗುವ ಕೈಗಳಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದರು.

"ದೇವರೇ, ನನ್ನ ತಮ್ಮ ನಿನ್ನ ಬಾಗಿಲಿಗೆ ಬಂದಿದ್ದಾನೆ. ಬದುಕೆಲ್ಲ ನಿಂತೇ ಇದ್ದವನು. ಇನ್ನು ಅವನನ್ನು ಕೂರಿಸು ತಂದೆ. ಶಾಂತಿ ಕೊಡು."