ಬರಿಗೈ ಕ್ಯಾಚ್

ಚೆಂಡು ಸಿಂಗಪುರದ ಬೆಡೋಕ್ ಮೈದಾನದ ಮೇಲೇರುತ್ತಿದ್ದಂತೆ ತನಿಯಪ್ಪ ಕೈಯ ಗ್ಲೌಸನ್ನು ಕಿತ್ತು ಹುಲ್ಲಿಗೆ ಎಸೆದ. ಈ ಒಂದು ಕ್ಯಾಚ್ ಹಿಡಿದರೆ ಬೇಸ್‌ಬಾಲ್ ಲೀಗ್‌ನ ಕಪ್ ಅವನು ದುಡಿಯುವ ಉಬಿ ಬಡಾವಣೆಯ ಕಾರ್ಖಾನೆ ತಂಡದ್ದು.

"ಅಂಕಲ್, ಇದು ಕ್ರಿಕೆಟ್ ಅಲ್ಲ, ಗ್ಲೌಸ್ ಹಾಕ್ಕೊಳ್ಳಿ," ಎಂದು ಕ್ಯಾಪ್ಟನ್ ಅವಿನಾಶ್ ಕೂಗಿದ. ಗ್ಲೌಸ್ ಹಾಕಿದಾಗಲೆಲ್ಲ ತನಿಯಪ್ಪ ಕ್ಯಾಚ್ ಬಿಟ್ಟಿದ್ದ. ಇನ್ನೊಂದು ಬಿಟ್ಟರೆ ತಂಡದಲ್ಲಿ ಜಾಗವಿಲ್ಲ ಎಂದು ಅವಿನಾಶ್ ಬೆಳಿಗ್ಗೆಯೇ ಹೇಳಿದ್ದ.

ಚೆಂಡು ಎರಡೂ ಅಂಗೈಗಳ ನಡುವೆ ಬಂದು ಬಿತ್ತು. ತನಿಯಪ್ಪ ಅದನ್ನು ಎದೆಗೊತ್ತಿಕೊಂಡು ನಿಂತ.

ಅವಿನಾಶ್ ಓಡಿ ಬಂದ. "ನೂರೈವತ್ತು ವರ್ಷದ ಹಿಂದೆ ಅಮೆರಿಕದ ಚಾಂಪಿಯನ್ ಟೀಮ್‌ನವರೂ ಹೀಗೇ ಬರಿಗೈಲಿ ಹಿಡೀತಿದ್ರಂತೆ. ನೀವು ಆ ಕಾಲದ ಮಾಡೆಲ್ ಅಂಕಲ್."

"ಹಳೇ ಮಾಡೆಲ್ ಅಲ್ವಾ, ರಿಪೇರಿ ಕಮ್ಮಿ," ಎಂದ ತನಿಯಪ್ಪ.

ಅವಿನಾಶ್ ಅವನ ಕೈ ಹಿಡಿದು ಜೋರಾಗಿ ಕುಲುಕಿದ. ಊದಿಕೊಂಡ ಬೆರಳುಗಳು ಚುರುಗುಟ್ಟಿದವು. ತನಿಯಪ್ಪ ಕೈ ಬಿಡಿಸಿಕೊಳ್ಳಲಿಲ್ಲ.